ಕಪ್ಪು ಪರದೆಯ ಮೇಲೊಂದು ಮನೆ

ಗೋಕಾಕದ ಬಸ್ ನಿಲ್ದಾಣದಿಂದ ನಮ್ಮ ಆಫೀಸಿಗೆ ಐದು ನಿಮಿಷದ ನಡಿಗೆ. ಕೆಳಗೆ ಬೀಜ, ಗೊಬ್ಬರದ ಅಂಗಡಿ. ಮೇಲಿನ ಮಹಡಿಯಲ್ಲಿ ನಾವು ಮೂವರು. ಮನೆ, ಗೋದಾಮುಗಳ ನಕ್ಷೆ ಮಾಡಿಕೊಡುವ ಎಂಜಿನಿಯರ್ ಸಾಹೇಬರು, ಅವರ ಕೈಕೆಳಗೆ ಇಪ್ಪತ್ತೈದು ವರ್ಷದಿಂದ ನಕ್ಷೆ ಬರೆಯುತ್ತಿದ್ದ ಹುಕ್ಕೇರಿ ಕಡೆಯ ಕಾಕಾ, ಮತ್ತೆ ಐಟಿಐಯಲ್ಲಿ ನಕ್ಷೆ ಕೆಲಸ ಕಲಿತು ಕಲ್ಲೋಳಿಯಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ನಾನು. ಕಾಕಾ ನನಗೆ ಸಂಬಂಧಿಯೇನಲ್ಲ. ಅವರು ಜೈನರು, ನಾವು ಲಿಂಗಾಯತರು. ಮೊದಲ ದಿನ ನಾನು ಸರ್ ಎಂದು ಕರೆದಾಗ, "ಸರ್ ಅಂದ್ರ ನಂಗ ಸಾಲ್ಯಾಗ ಬಡಿಸಿಕೊಂಡದ್ದು ನೆನಪಾಗತೈತಿ. ಕಾಕಾ ಅನ್ನು, ಸಾಕು" ಎಂದಿದ್ದರು. ಅಲ್ಲಿಂದ ಅವರು ಕಾಕಾ, ನಾನು ತಂಗಿ.

ಕಾಕಾನ ಕೈ ಅಂದರೆ ಕೈ. ಟ್ರೇಸಿಂಗ್ ಹಾಳೆಯ ಮೇಲೆ ಮಸಿ ಪೆನ್ನು ನೆಟ್ಟಗೆ ಹಿಡಿದು ಅವರು ಎಳೆದ ಗೆರೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ ಇರುತ್ತಿತ್ತು. "ಗೆರಿ ಮುಗಿಯೂತನಾ ಉಸರ ಬಿಡಬ್ಯಾಡ ತಂಗಿ" ಎನ್ನುತ್ತಿದ್ದರು. ಅವರು ಬರೆದ ಅಕ್ಷರಗಳನ್ನು ನೋಡಲೆಂದೇ ಪುರಸಭೆಯ ಗುಮಾಸ್ತರು ನಕ್ಷೆ ಬಿಚ್ಚುತ್ತಿದ್ದರಂತೆ. ನನ್ನ ಕೈ ಅಷ್ಟು ಪಳಗಿರಲಿಲ್ಲ. ತಪ್ಪಾದ ಗೆರೆಯನ್ನು ಬ್ಲೇಡಿನಿಂದ ಕೆರೆಯಲು ಹೋಗಿ ಮೊದಲ ವರ್ಷ ನಾನು ತೂತು ಮಾಡಿದ ಹಾಳೆಗಳನ್ನು ಸಾಹೇಬರು ಸುಮ್ಮನೆ ಮಡಚಿ ಬೀರುವಿನ ಮೇಲೆ ಎಸೆಯುತ್ತಿದ್ದರು.

ಹೊಸ ಶತಮಾನ ಶುರುವಾದ ಹೊಸತರಲ್ಲಿ ಸಾಹೇಬರು ಒಮ್ಮೆ ಬೆಳಗಾವಿಗೆ ಹೋಗಿ ಬಂದವರೇ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ನಿಂತರು.

"ಅಲ್ಲಿ ಯಾರೂ ಕೈಲೆ ಬರ್ಯಾಕತ್ತಿಲ್ರಿ. ಎಲ್ಲಾ ಕಂಪ್ಯೂಟರ್ ಮ್ಯಾಲ. ನಾವೂ ತರೂಣು."

ಕಾಕಾ ಬೋರ್ಡಿನಿಂದ ತಲೆ ಎತ್ತಲಿಲ್ಲ. "ತರ್ರಿ ಸಾಹೇಬ್ರ. ಕಿಟಕಿ ಬಾಜೂ ಜಾಗಾ ಐತಿ" ಎಂದರು, ಹೊಸ ಕುರ್ಚಿ ತರುವ ಮಾತಾಡಿದಂತೆ.

ಹದಿನೈದು ದಿನದಲ್ಲಿ ಕಂಪ್ಯೂಟರ್ ಬಂತು. ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತೆಂಗಿನಕಾಯಿಯನ್ನು ಮಾತ್ರ ಹೊಸ್ತಿಲ ಆಚೆ ಒಡೆದೆವು. ನೀರು ಒಳಗೆ ಸಿಡಿದರೆ ಕೆಟ್ಟೀತೆಂಬ ಭಯ. ಅಂಗಡಿಯವನು ಅರ್ಧ ಗಂಟೆ ಕೂತು ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಹಾಕಿದ. ಪರದೆಯ ಮೇಲೆ ಒಂದು ಗೆರೆ, ಒಂದು ವೃತ್ತ ಎಳೆದು, "ಇಷ್ಟ ರೀ. ಮುಂದಿಂದೆಲ್ಲಾ ಪುಸ್ತಕದಾಗ ಐತಿ" ಎಂದು ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ಕೊಟ್ಟು ಬೆಳಗಾವಿ ಬಸ್ಸು ಹಿಡಿಯಲು ಓಡಿದ. ಸಾಹೇಬರು ಆ ಪುಸ್ತಕವನ್ನು ನನ್ನ ಕೈಗಿಟ್ಟು, "ನೀ ಸಣ್ಣಾಕಿ ಅದೀ, ನಿನಗ ಲಗೂ ಬರತೈತಿ" ಎಂದು ಕೆಲಸ ನೋಡಲು ಹೊರಟುಹೋದರು.

ಮರುದಿನ ಬೆಳಿಗ್ಗೆ ನಾನು ಆ ಪರದೆಯ ಮುಂದೆ ಕೂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಿಳಿ ಹಾಳೆ ನೋಡಿ ರೂಢಿಯಾದ ಕಣ್ಣಿಗೆ ಎದುರಿಗೆ ಬರೀ ಕಪ್ಪು. ನಡುವೆ ಅಡ್ಡ ಒಂದು, ಉದ್ದ ಒಂದು ಸಣ್ಣ ಗೆರೆ ಕೂಡಿದ ಗುರುತು. ಎಡಕ್ಕೂ ಮೇಲಕ್ಕೂ ಚಿಕ್ಕಚಿಕ್ಕ ಗುಂಡಿಗಳ ಸಾಲು, ಒಂದೊಂದರ ಮೇಲೂ ಒಂದೊಂದು ಚಿತ್ರ. ಕೆಳಗೆ ಬಿಳಿ ಪಟ್ಟಿ. ಅದರಲ್ಲಿ ಏನೋ ಇಂಗ್ಲಿಷು. ಮೌಸು ಹಿಡಿದು ಬಲಕ್ಕೆ ಸರಿಸಿದೆ. ಗುರುತು ಬಲಕ್ಕೆ ಹೋಯಿತು. ಇನ್ನೂ ಸರಿಸಿದೆ. ಮೇಜು ಮುಗಿಯಿತು, ಪರದೆ ಮುಗಿಯಲಿಲ್ಲ.

"ಕಾಕಾ, ಟೇಬಲ್ ಸಾಲವಲ್ತು ರೀ."

ಕಾಕಾ ಬೆನ್ನು ಮಾಡಿ ಕೂತವರು ತಿರುಗಿ ನೋಡಿದರು. "ಎತ್ತಿ ಮತ್ತ ಹಿಂದ ಇಡು. ಕುಂಟಿ ಹೊಡೆಯೋರು ಹೊಲದ ತುದಿಗೆ ಹ್ವಾದಮ್ಯಾಗ ಎತ್ತಿ ತಿರುವೂದಿಲ್ಲೇನು?"

ಹಾಗೆ ಮಾಡಿದೆ. ನಡೆಯಿತು. ಆ ವಾರ ಮನೆಯಲ್ಲಿ ಕಟ್ಟೆಯ ಮೇಲೆ ಸೋಪಿನ ತುಂಡು ಇಟ್ಟುಕೊಂಡು ಸರಿಸುವ, ಎತ್ತಿ ಇಡುವ ಅಭ್ಯಾಸ ಮಾಡುತ್ತಿದ್ದೆ. ಅವ್ವ ಒಂದು ದಿನ ನೋಡಿ, "ಏನ ತೊಳ್ಯಾಕತ್ತೀಯೇ ಅಲ್ಲಿ?" ಎಂದಳು. ಆಫೀಸಿನ ಕೆಲಸ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಗೆರೆ ಎಳೆಯುವ ಗುಂಡಿ ಒತ್ತಿದೆ. ಕೆಳಗಿನ ಬಿಳಿ ಪಟ್ಟಿಯಲ್ಲಿ ಹೊಸ ಸಾಲು ಮೂಡಿತು: ಸ್ಪೆಸಿಫೈ ಫಸ್ಟ್ ಪಾಯಿಂಟ್. ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಂದರೆ ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡುವುದು ಎಂದಷ್ಟೇ ತಿಳಿದವಳು ನಾನು. ಸ್ಪೆಸಿಫೈ ಎನ್ನುವುದು ಆ ಉತ್ತರಗಳಲ್ಲಿ ಇರಲಿಲ್ಲ. ಮಾರನೆಯ ದಿನ ನನ್ನ ಹಳೆಯ ನಿಘಂಟು ತಂದೆ. ಅದನ್ನು ನೋಡಿ ಕಾಕಾ ಮೊದಲ ಸಲ ಸ್ಟೂಲು ಎಳೆದುಕೊಂಡು ನನ್ನ ಬಾಜೂಕ್ಕೆ ಬಂದರು.

"ಆ ಇಲಿ ಮುಟ್ಟೂದು ನನ್ನ ಕಡಿಂದ ಆಗೂದಿಲ್ಲ. ಪುಸ್ತಕಾ ಕೊಡು. ನಾ ಓದತೀನಿ, ನೀ ಒತ್ತು."

ಕನ್ನಡಕ ಏರಿಸಿ ನಿಘಂಟಿನ ಪುಟ ತಿರುವಿದರು. "ಸ್ಪೆಸಿಫೈ ಅಂದ್ರ... ಖಚಿತವಾಗಿ ಹೇಳು. ಮೊದಲನೇ ಬಿಂದು ಯಾವುದಂತ ಖಚಿತವಾಗಿ ಹೇಳು ಅನ್ನಾಕತ್ತೈತಿ."

"ಯಾವ ಬಿಂದು ರೀ ಕಾಕಾ?"

"ಅದು ನಮ್ಮನ್ನ ಕೇಳಾಕತ್ತೈತಿ ತಂಗಿ. ನಾವು ತಿರುಗಿ ಅದನ್ನ ಕೇಳಿದ್ರ ಹೆಂಗ?"

ಇಬ್ಬರೂ ನಕ್ಕೆವು. ನಾನು ಎಲ್ಲೋ ಒಂದು ಕಡೆ ಒತ್ತಿದೆ. ಬಿಂದು ಹಿಡಿಯಿತು; ಅಲ್ಲಿಂದ ಗೆರೆ ಹೊರಟು ಮೌಸಿನ ಗುರುತಿಗೆ ಅಂಟಿಕೊಂಡಿತು. ಇನ್ನೊಂದು ಕಡೆ ಒತ್ತಿದೆ. ಗೆರೆ ಅಲ್ಲಿ ನಿಂತಿತು, ಆದರೆ ಅಲ್ಲಿಂದ ಇನ್ನೊಂದು ಹೊರಟಿತು. ಅದನ್ನು ನಿಲ್ಲಿಸಲು ಮತ್ತೆ ಒತ್ತಿದೆ. ಮತ್ತೊಂದು. ಕೈ ಎತ್ತ ಸರಿದರೆ ಅತ್ತ ಎಳೆ ಹಿಂದೆಯೇ ಬರುತ್ತಿತ್ತು. ಐದು ನಿಮಿಷದಲ್ಲಿ ಪರದೆಯ ತುಂಬ ಜೇಡರ ಬಲೆ.

"ನಿಲ್ಲಸು, ನಿಲ್ಲಸು!" ಎಂದರು ಕಾಕಾ.

"ನಿಲ್ಲವಲ್ತು ರೀ!"

ಗಾಬರಿಯಲ್ಲಿ ನಾನು ಕೆಳಗಿನ ಪೆಟ್ಟಿಗೆಯ ದೊಡ್ಡ ಬಟನ್ ಒತ್ತಿಹಿಡಿದೆ. ಕಂಪ್ಯೂಟರೇ ಆರಿಹೋಯಿತು. ಅಂದು ಹೀಗೆ ಮೂರು ಸಲ ಆಯಿತು. ಗೆರೆ ಶುರು ಮಾಡುವುದು ಗೊತ್ತು, ಮುಗಿಸುವುದು ಗೊತ್ತಿಲ್ಲ. ನಾಲ್ಕನೆಯ ಸಲ ನನ್ನ ಕೈ ಮತ್ತೆ ಕೆಳಗೆ ಹೋಗುತ್ತಿರುವಾಗ ಕಾಕಾ ತಡೆದರು. ಕೀಲಿಮಣೆಯ ಮೇಲೆ ಕಣ್ಣಾಡಿಸಿ, ಎಡಗಡೆ ಮೇಲಿನ ಮೂಲೆಯಲ್ಲಿ ಉಳಿದೆಲ್ಲವುಗಳಿಂದ ದೂರ ಕೂತಿದ್ದ ಒಂದು ಕೀಲಿ ತೋರಿಸಿದರು.

"ಇದು ಒಂಟಿ ಕುಂತೈತಿ. ಇದನ್ನ ಒತ್ತಿದ್ರ ಯಾರಿಗೂ ತ್ರಾಸ ಆಗಲಿಕ್ಕಿಲ್ಲ. ಒತ್ತಿ ನೋಡು."

ಒತ್ತಿದೆ. ಎಳೆ ಕಡಿಯಿತು. ಗುರುತು ಒಬ್ಬಂಟಿಯಾಗಿ, ಸ್ವತಂತ್ರವಾಗಿ ಪರದೆಯ ನಡುವೆ ನಿಂತಿತು. ನನಗಾದ ಸಂತೋಷಕ್ಕೆ ಎದ್ದು ನಿಂತುಬಿಟ್ಟೆ. ಕಾಕಾ ನಿಘಂಟು ತೆಗೆದು ಆ ಕೀಲಿಯ ಅರ್ಥ ಹುಡುಕಿದರು. "ಎಸ್ಕೇಪ್. ತಪ್ಪಿಸಿಕೊಂಡು ಹೋಗು." ನಿಘಂಟು ಮುಚ್ಚಿ, "ಶಾಣ್ಯಾರು ಮಾಡ್ಯಾರ ಇದನ್ನ" ಎಂದರು.

ಮೂರನೆಯ ದಿನ ನಿಜವಾದ ಗೋಡೆ ಎಳೆಯಲು ಹೊರಟೆವು. ಇಪ್ಪತ್ತು ಅಡಿಯ ಗೋಡೆ. ಇಂಚಿಗೆ ತಿರುಗಿಸಿದರೆ ಇನ್ನೂರ ನಲವತ್ತು. ಪುಸ್ತಕದಲ್ಲಿದ್ದಂತೆ ಅಂಕಿ ಟೈಪ್ ಮಾಡಿ ಎಂಟರ್ ಒತ್ತಿದೆ. ಗೆರೆ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಪರದೆಯ ಬಲ ಅಂಚಿಗೆ ಹೋಗಿ, ಅಂಚನ್ನು ದಾಟಿ ಮಾಯವಾಯಿತು.

"ಗ್ವಾಡಿ ಎಲ್ಲಿಗೆ ಹೋತು?" ಎಂದರು ಕಾಕಾ.

"ಬೆಳಗಾವಿಗೆ ಹೋಗಿರಬೇಕ್ರಿ."

ತಪ್ಪಾಗಿದೆ ಎಂದುಕೊಂಡು ಮತ್ತೆ ಎಳೆದೆ. ಮತ್ತೆ ಹಾಗೆಯೇ. ಏಳು ಸಲ ಎಳೆದಿರಬೇಕು. ಕಾಗದದ ಮೇಲೆ ಇಪ್ಪತ್ತು ಅಡಿ ಎಂದರೆ ಬೆರಳುದ್ದ. ಮನೆಯನ್ನು ಕುಗ್ಗಿಸಿ ಹಾಳೆಯೊಳಗೆ ಕೂರಿಸುವುದೇ ನಾವು ಕಲಿತ ವಿದ್ಯೆ. ಇಲ್ಲಿ ಗೋಡೆ ತನ್ನ ಪೂರ್ತಿ ಉದ್ದಕ್ಕೆ ನಿಂತಿದೆಯೆಂದು ನಮಗೆ ಹೊಳೆಯಲೇ ಇಲ್ಲ. ಎರಡು ದಿನ ಕಾಕಾ ಆ ದಪ್ಪ ಪುಸ್ತಕ ಮನೆಗೆ ಒಯ್ದರು. ಮೂರನೆಯ ದಿನ ಬಂದು ಚಪ್ಪಲಿ ಬಿಡುತ್ತಲೇ, "ಝೂಮ್ ಅಂತ ಬರಿ. ಆಮ್ಯಾಲ ಆಲ್ ಅಂತ ಬರಿ" ಎಂದರು.

ಬರೆದೆ. ಪರದೆ ಒಮ್ಮೆ ಮಿನುಗಿತು. ಎಡ ತುದಿಯಿಂದ ಬಲ ತುದಿಯವರೆಗೆ, ಎರಡೂ ಕೊನೆ ಕಾಣುವಂತೆ, ನಮ್ಮ ಗೋಡೆ. ಒಂದರ ಮೇಲೊಂದು ಏಳು ಗೋಡೆಗಳು ಅಲ್ಲಿದ್ದವೆಂಬುದು ಒಂದನ್ನು ಅಳಿಸಿದಾಗ ಗೊತ್ತಾಯಿತು. ಎಷ್ಟು ಅಳಿಸಿದರೂ ಅಡಿಯಲ್ಲಿ ಇನ್ನೊಂದು ಇರುತ್ತಿತ್ತು.

"ತಿಳೀತೇನು?" ಎಂದರು ಕಾಕಾ. "ಗುಡ್ಡದ ಮ್ಯಾಲ ನಿಂತು ಗೋಕಾಕ ನೋಡಿದ್ರ ನಮ್ಮ ಮನಿ ಕಡ್ಡಿಪೆಟ್ಟಿಗಿ ಆಗತೈತಿ. ಹಂಗಂತ ಮನಿ ಸಣ್ಣದಾತೇನು? ಇಲ್ಲ. ನಾವು ದೂರ ಹೋದ್ವಿ. ಇಲ್ಲಿ ಮನಿ ಇದ್ದಷ್ಟ ಇರತೈತಿ. ನಾವು ಹತ್ರ ಹೋಗೂದು, ದೂರ ಬರೂದು, ಅಷ್ಟ."

ಅವರು ಹೀಗೆ ಹೇಳಿದ ಕ್ಷಣದಿಂದ ನನಗೆ ಆ ಕಪ್ಪು ಪರದೆ ಅಂಜಿಕೆ ಹುಟ್ಟಿಸಲಿಲ್ಲ. ಇಪ್ಪತ್ತೈದು ವರ್ಷ ಮನೆಗಳನ್ನು ಕುಗ್ಗಿಸುತ್ತಲೇ ಬಂದಿದ್ದ ಮನುಷ್ಯ ಇದನ್ನು ನನಗಿಂತ ಮೊದಲು ಹಿಡಿದಿದ್ದರು.

ಕಲಿಕೆ ಎಡವುತ್ತಲೇ ಸಾಗಿತು. ಒಮ್ಮೆ ಎಡಬದಿಯ ಗುಂಡಿಗಳ ಸಾಲನ್ನು ಮೌಸಿನಿಂದ ಎಳೆದು ನಡುವೆ ತಂದೆ. ಅಡ್ಡ ಬಂತೆಂದು ಅದರ ಮೂಲೆಯ ಗುಣಾಕಾರದ ಗುರುತು ಒತ್ತಿದೆ. ಎಲ್ಲ ಗುಂಡಿಗಳೂ ಹೋದವು. ಮರಳಿ ತರುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಸಾಹೇಬರಿಗೆ ಹೇಳಲು ಧೈರ್ಯವಿಲ್ಲ. ಆವತ್ತು ನಾನು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ. ಕಾಕಾ ಪುಸ್ತಕದ ಹಿಂದಿನ ಪುಟಗಳಲ್ಲಿ ಆಜ್ಞೆಗಳ ಪಟ್ಟಿ ಹುಡುಕಿ, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದು ನನ್ನೆದುರು ನಿಲ್ಲಿಸಿದರು. ಗೆರೆಗೆ ಎಲ್, ವೃತ್ತಕ್ಕೆ ಸಿ, ಅಳಿಸಲು ಇ. ಚಿತ್ರಗಳಿಲ್ಲದೆ, ಬರೀ ಕೆಳಗಿನ ಪಟ್ಟಿ ಕೇಳುವುದು, ನಾವು ಹೇಳುವುದು, ಹೀಗೆ ಎರಡು ತಿಂಗಳು ನಡೆಸಿದೆವು. ಪ್ರಿಂಟರ್ ಕೂರಿಸಲು ಬಂದ ಅಂಗಡಿಯವನು, "ಬಟನ್ ಎಲ್ಲಾ ಎಲ್ಲಿ ಹ್ವಾದ್ವು ರೀ?" ಎಂದು ಬೆಚ್ಚಿ, ಎರಡು ಸಲ ಒತ್ತಿ ಮರಳಿ ತಂದುಕೊಟ್ಟ. ಆಗ ನಮಗೆ ಅವು ಬೇಕಾಗಿರಲಿಲ್ಲ. ನನ್ನ ಎಡಗೈ ನೋಡದೆಯೇ ಓಡುತ್ತಿತ್ತು.

ಕರೆಂಟಿನದು ಇನ್ನೊಂದು ಕಥೆ. ಹೇಳದೆ ಕೇಳದೆ ಹೋಗುತ್ತಿತ್ತು. ಬ್ಯಾಟರಿಯ ಪೆಟ್ಟಿಗೆ ಕೀ ಕೀ ಎಂದು ಕೂಗಿಕೊಳ್ಳುವಷ್ಟರಲ್ಲಿ ಮಾಡಿದ್ದನ್ನು ಉಳಿಸಿಕೊಳ್ಳಬೇಕು. ಒಂದು ಇಡೀ ಗೋದಾಮು ಹಾಗೆ ಕಳೆದುಕೊಂಡ ಮೇಲೆ ಕಾಕಾ ಹತ್ತು ನಿಮಿಷಕ್ಕೊಮ್ಮೆ ತಮ್ಮ ಬೋರ್ಡಿನಿಂದಲೇ "ಸೇವ್!" ಎಂದು ಕೂಗತೊಡಗಿದರು. ಸಾಹೇಬರನ್ನು ಕಾಣಲು ಬಂದವರು ಬೆಚ್ಚಿ ನೋಡುತ್ತಿದ್ದರು.

ಕಾಕಾನಿಗೆ ಒಪ್ಪಿಗೆಯಾಗದೇ ಉಳಿದದ್ದು ಅಕ್ಷರ ಮಾತ್ರ. "ಇವು ಅಕ್ಷರ ಅಲ್ಲ ತಂಗಿ, ಬೇಲಿ ಮುಳ್ಳು" ಎನ್ನುತ್ತಿದ್ದರು. ಹಾಗಾಗಿ ಪ್ರಿಂಟ್ ತೆಗೆದ ನಕ್ಷೆಯಲ್ಲಿ ಹೆಸರಿನ ಚೌಕವನ್ನು ಖಾಲಿ ಬಿಡುತ್ತಿದ್ದೆ. ಅವರು ಮಸಿಯಲ್ಲಿ ತುಂಬುತ್ತಿದ್ದರು.

ಮಳೆಗಾಲದಲ್ಲಿ ಮೂಡಲಗಿಯ ಬೆಲ್ಲದ ವ್ಯಾಪಾರಿಯೊಬ್ಬರ ಮನೆಯ ಕೆಲಸ ಬಂತು. ಉತ್ತರಕ್ಕೆ ರಸ್ತೆ, ಉತ್ತರಕ್ಕೇ ತಲೆಬಾಗಿಲು, ಆಗ್ನೇಯ ಮೂಲೆಗೆ ಅಡುಗೆಮನೆ, ಪಶ್ಚಿಮದ ಬದಿಗೆ ಮೆಟ್ಟಿಲು. ನಾನು ಮೊದಲಿನಿಂದ ಕೊನೆಯವರೆಗೆ ಕಂಪ್ಯೂಟರಿನಲ್ಲೇ ಬಿಡಿಸಿದ ಮೊದಲ ಮನೆ ಅದು. ಎಲ್ಲ ಮುಗಿದ ಮೇಲೆ ವ್ಯಾಪಾರಿ ಬಂದು, ಪಶ್ಚಿಮದ ಬಾಜೂಕಿನವರು ಗೋಡೆ ಎತ್ತರಿಸುತ್ತಿದ್ದಾರೆ, ಮೆಟ್ಟಿಲು ಕತ್ತಲಾಗುತ್ತದೆ, ಅದನ್ನು ಪೂರ್ವಕ್ಕೆ ಒಯ್ಯಿರಿ ಎಂದರು. ಕೈ ನಕ್ಷೆಯಾಗಿದ್ದರೆ ಒಂದು ವಾರದ ಕೆಲಸ. ಅವರು ಹೋದ ಮೇಲೆ ನಾನು ತಲೆ ಮೇಲೆ ಕೈಯಿಟ್ಟು ಕೂತೆ. ಕಾಕಾ ತಮ್ಮ ರಟ್ಟು ನೋಡಿದರು.

"ಮಿರರ್ ಅಂತ ಒಂದೈತಿ ನೋಡು. ಕನ್ನಡಿ."

ಇಡೀ ಮನೆಯನ್ನು ಆರಿಸಿ, ನಡುವೆ ಕನ್ನಡಿಯ ಗೆರೆ ಕೊಟ್ಟು ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮನೆ ಮಗ್ಗುಲು ಬದಲಿಸಿತು. ಪಶ್ಚಿಮದ ಮೆಟ್ಟಿಲು ಪೂರ್ವಕ್ಕೆ. ಬಾಗಿಲುಗಳೂ ಅವು ತೆರೆಯುವ ಕಡೆಯೂ ತಾವಾಗಿಯೇ ತಿರುಗಿದವು. ನಾನು ಚಪ್ಪಾಳೆ ತಟ್ಟಿದೆ. ಕಾಕಾ, "ಇನ್ನೊಮ್ಮೆ ಮಾಡು" ಎಂದರು. ಮತ್ತೆ ತಿರುಗಿಸಿದೆ, ಮತ್ತೆ ಮರಳಿಸಿದೆ. ಕೋಣೆಗಳ ಹೆಸರೂ ಕನ್ನಡಿಯೊಳಗಿನಂತೆ ತಿರುಗುಮುರುಗಾಗಿ ನಿಂತದ್ದನ್ನು ಕಂಡು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅವನ್ನೆಲ್ಲ ಅಳಿಸಿ ಸರಿಯಾಗಿ ಬರೆದೆ. ಪ್ರಿಂಟ್ ತೆಗೆದು, ಸಾಹೇಬರು ಬೇರೆ ಊರಿನ ಕೆಲಸದ ಮೇಲೆ ಹೋಗಿದ್ದರಿಂದ ಕಾಕಾ ಮತ್ತು ನಾನೇ ಮರುದಿನ ಮೂಡಲಗಿಯ ಬಸ್ಸು ಹತ್ತಿದೆವು.

ವ್ಯಾಪಾರಿಯ ಹಳೆಯ ಮನೆಯ ಪಡಸಾಲೆಯಲ್ಲಿ ನಕ್ಷೆ ಹಾಸಿದೆವು. ವ್ಯಾಪಾರಿ ಮೆಟ್ಟಿಲು ನೋಡಿ ತಲೆಯಾಡಿಸಿದರು. ಒಳಗಿನಿಂದ ಅವರ ತಾಯಿ ಬಂದರು. ಎಪ್ಪತ್ತು ದಾಟಿದವರು. ಅವರೂ ಕಾಕಾನಂತೆ ಜೈನರು. ಕಾಕಾನ ಜೊತೆ ಮರಾಠಿಯಲ್ಲಿ ನಾಲ್ಕು ಮಾತಾಡಿ, ಯಾರ ಬೀಗರು ಯಾರೆಂಬುದನ್ನು ಇತ್ಯರ್ಥ ಮಾಡಿಕೊಂಡು ನಕ್ಷೆಯ ಮುಂದೆ ಕೂತರು. ಅವರಿಗೆ ಓದು ಬರುತ್ತಿರಲಿಲ್ಲ. ಹಾಳೆಯ ಮೇಲೆ ಅಂಗೈಯಿಟ್ಟು ನನ್ನನ್ನು ಕೇಳಿದರು.

"ಮಗಳ, ಇದರಾಗ ಹೊತ್ತು ಎಲ್ಲಿ ಹುಟ್ಟತೈತಿ?"

ಬಲಗಡೆ ತೋರಿಸಿದೆ.

"ಮುಳುಗೂದು?"

ಎಡಗಡೆ ತೋರಿಸಿದೆ.

"ಹಂಗಾರ ಒಲಿ ಎಲ್ಲಿ?"

ರೂಢಿಯಂತೆ ನನ್ನ ಬೆರಳು ಬಲಗಡೆಯ ಕೆಳಮೂಲೆಗೆ ಹೋಯಿತು. ಅಲ್ಲಿ ಮಲಗುವ ಕೋಣೆ ಇತ್ತು. ಅಡುಗೆಮನೆ ಎಡಗಡೆಯ ಕೆಳಮೂಲೆಯಲ್ಲಿತ್ತು, ನೈಋತ್ಯದಲ್ಲಿ. ಮೆಟ್ಟಿಲಿನ ಜೊತೆ ಒಲೆಯನ್ನೂ ತಿರುಗಿಸಿ ಇಟ್ಟಿದ್ದೆ. ಪ್ರಿಂಟ್ ತೆಗೆಯುವಾಗ, ಹೆಸರು ತುಂಬುವಾಗ, ಬಸ್ಸಿನಲ್ಲಿ ಸುರುಳಿ ಹಿಡಿದು ಕೂತಾಗ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

"ಆಯಿ, ತಪ್ಪಾತ್ರಿ. ಮೆಟ್ಟಲಾ ತಿರುವಾಕ ಹೋಗಿ ಇಡೀ ಮನಿ ತಿರುವೀನಿ. ಒಲಿ ಬ್ಯಾರೆ ಮೂಲಿಗೆ ಬಂದೈತಿ. ನನ್ನ ತಪ್ಪು."

"ತಿರುವು ಅಂದಾಂವ ನಾ" ಎಂದರು ಕಾಕಾ. "ಆಕಿದೊಬ್ಬಾಕೀದ ಅಲ್ಲ."

ವ್ಯಾಪಾರಿಯ ಮುಖ ಗಂಟಾಯಿತು. "ಒಲಿ ಆಗ್ನೇಯ ಬಿಟ್ಟು ಇಡ್ತಾರೇನ್ರಿ? ಇದನ್ನ ಒಯ್ದು ಮತ್ತ ಮಾಡ್ಕೊಂಡ ಬರ್ರಿ."

ನಾನು ಹಾಳೆ ಸುತ್ತಲು ಹೋದೆ. ಆಯಿಯ ಅಂಗೈ ಹಾಳೆಯ ಮೇಲಿಂದ ಏಳಲಿಲ್ಲ. ಅವರು ಆ ಎಡಗಡೆಯ ಕೋಣೆಯನ್ನೇ ನೋಡುತ್ತಿದ್ದರು.

"ಈ ಕ್ವಾಣಿಗೆ ಸಂಜಿ ಬಿಸಲ ಬರತೈತೇನು?"

"ಬರತೈತ್ರಿ. ಕಿಟಕಿ ಪಶ್ಚಿಮಕ್ಕೈತಿ."

"ಬಾಜೂಕಿನವರ ಗ್ವಾಡಿ ಅಡ್ಡ ಬರೂದಿಲ್ಲ?"

ಕಾಕಾ ಬೆರಳಿನಿಂದ ತೋರಿಸಿದರು. ನೆರೆಯವರ ಗೋಡೆ ಏಳುತ್ತಿದ್ದದ್ದು ಮುಂಭಾಗಕ್ಕೆ, ಮೊದಲು ಮೆಟ್ಟಿಲಿದ್ದ ಕಡೆ. ಹಿಂದಿನ ಮೂಲೆಯ ಎದುರಿಗೆ ಅವರ ಹಿತ್ತಲು, ಬರೀ ಬಯಲು.

ಆಯಿ ಮಗನ ಕಡೆ ತಿರುಗಿದರು. "ಹಂಗಾರ ಇದ ಇರ್ಲಿ."

"ಆಯಿ, ಮಂದಿ ಏನಂದಾರು?"

"ಮಂದಿ ಬಂದು ಅಡಗಿ ಮಾಡ್ತಾರೇನು? ನೀವೆಲ್ಲಾ ಹೊತ್ತು ಮುಳುಗೂದ್ರೊಳಗ ಉಣಬೇಕು. ಐವತ್ತು ವರ್ಷ ಆತು, ಆಗ್ನೇಯ ಮೂಲ್ಯಾಗ, ಸಂಜೀಕ ಕಣ್ಣ ಕಾಣಲಾರದಂಥಾ ಕತ್ತಲದಾಗ, ಅಕ್ಕ್ಯಾಗಿನ ಹರಳ ತಡವಿ ತಡವಿ ಆರಿಸೇನಿ. ನೀ ಒಂದಿನಾ ಆ ಒಲಿ ಮುಂದ ಕುಂತೀಯೇನು?" ನನ್ನ ಕಡೆ ನೋಡಿದರು. "ಈಕಿ ತಪ್ಪಿ ಮಾಡಿರಬೇಕು. ಆದ್ರ ನಂಗ ಬೇಕಾದ್ದನ್ನ ಮಾಡ್ಯಾಳ. ಸೊಸೀನ ಕರೀರಿ, ಕೇಳೂಣು."

ಸೊಸೆ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನಂಗೂ ಇದ ಬೇಕ್ರಿ" ಎಂದಳು, ಕರೆಯುವುದಕ್ಕೆ ಮೊದಲೇ. ವ್ಯಾಪಾರಿ ಒಮ್ಮೆ ತಾಯಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿ, ಕಾಕಾನ ಕಡೆ ತಿರುಗಿ ಕೈಚೆಲ್ಲಿದರು. ನಮಗೆ ಚಹಾ ಬಂತು, ಅವಲಕ್ಕಿ ಬಂತು.

ಹಿಂದಿರುಗುವ ಬಸ್ಸು ಹತ್ತಿದೆವು. ಕಲ್ಲೋಳಿ ಹತ್ತಿರ ಬಂದಾಗ ಕಾಕಾ, "ನಾನೂ ಜೈನ. ನಮ್ಮ ಮನ್ಯಾಗೂ ಸಂಜಿ ಊಟಾ ಲಗೂ ಮುಗಸ್ತೀವಿ" ಎಂದರು. "ಎಷ್ಟು ಮನಿ ಬರದೇನಿ ತಂಗಿ. ಅಡಗಿ ಮಾಡೋರನ್ನ ಒಂದ ಸಲಾನೂ ಕೇಳಿಲ್ಲ." ನಾನು ಇಳಿಯುವ ಊರು ಬಂದಿತ್ತು. "ನಾಳೆ ಬರತೀನ್ರಿ ಕಾಕಾ" ಎಂದು ಇಳಿದೆ.

ಸಾಹೇಬರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆವು. ಮೊದಲು ಸಿಟ್ಟಾದರು, ಆಮೇಲೆ ನಕ್ಕರು, ಕೊನೆಗೆ ಇನ್ನು ಮೇಲೆ ಮನೆಯವರೆಲ್ಲರ ಎದುರು ನಕ್ಷೆ ಹಾಸದೆ ಯಾವ ಕೆಲಸವನ್ನೂ ಮುಗಿಸಬಾರದೆಂದು ಅಪ್ಪಣೆ ಮಾಡಿದರು. ಆ ನಿಯಮ ಈಗಲೂ ನನ್ನದಾಗಿದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಸ್ಸು ತಡವಾಗಿ ಆಫೀಸಿಗೆ ಓಡಿ ಬಂದರೆ, ನನ್ನ ಕುರ್ಚಿಯಲ್ಲಿ ಕಾಕಾ ಕೂತಿದ್ದರು. ಮೌಸನ್ನು ಮೊಲದ ಮರಿ ಹಿಡಿದಂತೆ ಹಿಡಿದು, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದರು.

"ಕಾಕಾ, ಇದರಾಗ ಉಸರಾಡಬಹುದು ರೀ."

"ಸುಮ್ಮನಿರು. ಗೆರಿ ಮುಗೀಲಿ."

ಅಂದಿನಿಂದ ಆ ಕುರ್ಚಿಗೆ ಜಗಳ ಶುರುವಾಯಿತು. ನಾನು ಮೊದಲಿನ ಬಸ್ಸು ಹಿಡಿದು ಬಂದರೆ ಅವರು ಅದಕ್ಕೂ ಮೊದಲೇ ಬಂದಿರುತ್ತಿದ್ದರು. ಯುಗಾದಿಯ ಹೊತ್ತಿಗೆ ಸಾಹೇಬರು ಬೇಸತ್ತು ಎರಡನೆಯ ಕಂಪ್ಯೂಟರ್ ತಂದರು.

ಮೂಡಲಗಿಯ ಮನೆಯ ವಾಸ್ತುಶಾಂತಿಗೆ ನಮ್ಮ ಮೂವರಿಗೂ ಕರೆ ಬಂತು. ನಾವು ಹೋದಾಗ ಮಧ್ಯಾಹ್ನ ಕಳೆದಿತ್ತು. ಜನ ಪಡಸಾಲೆಯ ಸುತ್ತ ತಿರುಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಆಯಿ ನನ್ನ ಕೈ ಹಿಡಿದು ನೇರ ಹಿಂದಿನ ಮೂಲೆಗೆ ಒಯ್ದರು. ಪಶ್ಚಿಮದ ಕಿಟಕಿಯಿಂದ ಬಿಸಿಲು ಬಂದು ಅಡುಗೆಕಟ್ಟೆಯ ಕಲ್ಲಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಸೊಸೆ ಹೋಳಿಗೆ ಬೇಯಿಸುತ್ತಿದ್ದಳು. ಹಿಟ್ಟಿನ ಕಣಕಣವೂ ಆ ಬೆಳಕಿನಲ್ಲಿ ಕಾಣುತ್ತಿತ್ತು. ನಾನು ಕಪ್ಪು ಪರದೆಯ ಮೇಲೆ ನಾಲ್ಕು ಗೆರೆಯಾಗಿ ಎಳೆದಿದ್ದ ಕೋಣೆಯೊಳಗೆ ನಾನೇ ನಿಂತಿದ್ದೆ. ಕೈ ಚಾಚಿ ಗೋಡೆ ಮುಟ್ಟಿದೆ. ಇನ್ನೂ ಸುಣ್ಣದ ಹಸಿವಾಸನೆ ಇತ್ತು.

ಆಯಿ ತಟ್ಟೆಯಲ್ಲಿ ಬಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು ನನ್ನ ಕೈಗಿಟ್ಟರು.

"ಕುಂದ್ರ ಮಗಳ, ಇಲ್ಲೇ ಕುಂದ್ರ. ಇನ್ನೂ ಹೊತ್ತೈತಿ, ಸಾವಕಾಶ ಉಣ್ಣು."